ಉತ್ತರ ದಿಕ್ಕಿನ ಗೋಲು

ಮಾರ್ಚ್ 4, ಬೆಳಿಗ್ಗೆ

ಪುಟ್ಟಿ,

ಪೇಪರ್ ಬಾಗಿಲ ಬಳಿ ಬಿದ್ದಿದೆ, ಇನ್ನೂ ಮುಟ್ಟಿಲ್ಲ. ಅಪ್ಪನ ಕಾನೂನು ಮುರಿಯುವವನಲ್ಲ ನಾನು. ಮ್ಯಾಚ್ ಮುಗಿದ ಮೇಲೆ ಮೊದಲು ನಿನ್ನ ಕಣ್ಣಿಗೆ ಕಂಡದ್ದನ್ನು ಬರಿ, ಬೇರೆಯವರ ಕಣ್ಣಿಗೆ ಕಂಡದ್ದನ್ನು ಆಮೇಲೆ ಓದು ಅನ್ನುತ್ತಿದ್ದರಲ್ಲ. ಅವರು ಹೋಗಿ ಹದಿನಾಲ್ಕು ವರ್ಷವಾಯಿತು, ನಾವಿಬ್ಬರೂ ಒಂದು ಮ್ಯಾಚೂ ಬಿಟ್ಟಿಲ್ಲ. ನನ್ನ ಕಿವಿ ವೆಲ್ಡಿಂಗ್ ಅಂಗಡಿಯ ಗ್ರೈಂಡರ್ ಸದ್ದಿಗೆ ಸೋತು ಫೋನು ಕೈಬಿಟ್ಟ ಮೇಲಂತೂ ಈ ಕಾಗದವೇ ನನಗೆ ಗತಿ.

ಸೋತೆವು. ಒಂದು ಸೊನ್ನೆ. ಸೋತದ್ದಕ್ಕೆ ಅಳುವವನಲ್ಲ, ಸೋತ ರೀತಿ ಇದೆಯಲ್ಲ, ಅದಕ್ಕೆ ಮೈ ಉರಿಯುತ್ತದೆ. ನಮ್ಮ ಸ್ಟ್ರೈಕರ್ ಮಹಾಶಯ ಮೂರು ಸಲ ಕಂಬಕ್ಕೆ ಹೊಡೆದ. ಒಂದಲ್ಲ, ಎರಡಲ್ಲ, ಮೂರು! ಗೋಲ್‌ಕೀಪರ್ ಆಚೆ ಬಿದ್ದಿದ್ದಾನೆ, ಈಚೆ ಇಡೀ ಗೋಲು ಬಾಯಿ ತೆರೆದು ಕೂತಿದೆ, ಇವನು ಕಂಬ ಹುಡುಕಿಕೊಂಡು ಹೋಗಿ ಹೊಡೆಯುತ್ತಾನೆ. ನಾನು ಇವನಿಗೆ ಕಂಬಶೂರ ಅಂತ ಹೆಸರಿಟ್ಟಿದ್ದೇನೆ. ಮ್ಯಾಚ್ ಮುಗಿದ ಮೇಲೆ ಅಂಗಡಿಗೆ ಬಂದವರೆಲ್ಲ ಬಿದ್ದು ಬಿದ್ದು ನಕ್ಕರು.

ಇದೇ ಆಸಾಮಿ, ದೇಶದ ತಂಡ ತರಬೇತಿ ಮಾಡುವ ನಮ್ಮೂರಿನ ಮೈದಾನದಲ್ಲಿ ಹೇಗೆ ಹೊಡೆಯುತ್ತಾನೆ ನೋಡಬೇಕು ನೀನು. ಎಲ್ಲರೂ ಸ್ನಾನಕ್ಕೆ ಹೋದ ಮೇಲೆ ಒಬ್ಬನೇ ಉತ್ತರ ದಿಕ್ಕಿನ ಗೋಲಿನ ಮುಂದೆ ನಿಲ್ಲುತ್ತಾನೆ. ಆ ಗೋಲಿನ ಹಿಂದೆ ಗೋಡೆ ಇದೆ, ಚೆಂಡು ದೂರ ಹೋಗುವುದಿಲ್ಲ, ಅದಕ್ಕೆ. ಮೂರು ವರ್ಷದಿಂದ ದಿನಾ ನೂರು ಚೆಂಡು. ಹತ್ತರಲ್ಲಿ ಒಂಬತ್ತು ಮೂಲೆಗೇ ಹೋಗುತ್ತವೆ, ಕಂಬಕ್ಕೆ ಬೆರಳು ತೂರಿಸುವಷ್ಟು ಜಾಗ ಬಿಟ್ಟು. ಆ ಗೋಲು ಮಾಡಿದವನು ನಾನೇ ಅಂತ ನಿನಗೆ ಬೇರೆ ಹೇಳಬೇಕೆ? ಎರಡೂ ಗೋಲು ನನ್ನವೇ, ಆದರೆ ಉತ್ತರದ್ದು ಮೂರು ವರ್ಷದ ಹಿಂದೆ ಮಾಡಿದ್ದು, ಅದರ ಅಂದವೇ ಬೇರೆ. ಅಡ್ಡಪೈಪು ಕಂಬಕ್ಕೆ ಸೇರುವ ಕಡೆ ಕೈ ಆಡಿಸಿದರೆ ಬೆಸುಗೆ ಎಲ್ಲಿದೆ ಅಂತ ಗೊತ್ತಾಗುವುದಿಲ್ಲ. ಅಷ್ಟು ಚೆಂದದ ಗೋಲಿನಲ್ಲಿ ಪಳಗಿ, ಮ್ಯಾಚಿಗೆ ಹೋದ ಕೂಡಲೇ ನಡುಗಿದರೆ ಏನನ್ನಬೇಕು? ಗುಂಡಿಗೆ ಇಲ್ಲ, ಅಷ್ಟೇ. ನಿನ್ನೆ ಮ್ಯಾಚ್ ಆದ ಮೇಲೆ ಏನು ಹೇಳಿದ ಗೊತ್ತಾ? ನೀನು ಟಿವಿಯಲ್ಲಿ ಕೇಳಿರುತ್ತೀಯ, ನನಗೆ ನಿನ್ನ ಅತ್ತಿಗೆ ಬರೆದು ತೋರಿಸಿದಳು. “ಎಲ್ಲೋ ಏನೋ ಸರಿ ಇಲ್ಲ ಅನ್ಸುತ್ತೆ” ಅಂದನಂತೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!

ಮೈದಾನದ ಬಲೆಗಳು ಹರಿದು ಚಿಂದಿಯಾಗಿವೆ. ಎರಡು ಹೊಸ ಬಲೆ ನೀವು ಹೆಣೆಯುವ ಶೆಡ್ಡಿನಿಂದಲೇ ತರಿಸಿ ಅಂತ ಮೈದಾನದವರಿಗೆ ಹೇಳಿದ್ದೇನೆ. ಅಣ್ಣನ ಕಂಬಕ್ಕೆ ತಂಗಿಯ ಬಲೆ. ಅಪ್ಪ ಇದ್ದಿದ್ದರೆ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದರು.

ಇನ್ನು ಪೇಪರ್ ಎತ್ತಿಕೊಳ್ಳುತ್ತೇನೆ.

ಅಣ್ಣ

*

ಮಾರ್ಚ್ 11

ಅಣ್ಣ,

ನಿನ್ನ ಕಾಗದ ಬಂತು. ಎಂದಿನಂತೆ ಮಧ್ಯಾಹ್ನ ಟೀ ಹೊತ್ತಿಗೆ ಶೆಡ್ಡಿನಲ್ಲಿ ಜೋರಾಗಿ ಓದಿದೆ. ಇಲ್ಲಿ ಇಪ್ಪತ್ತೆರಡು ಹೆಂಗಸರು ಬಲೆ ಹೆಣೆಯುತ್ತೇವೆ, ಅವರಿಗೆ ನಿನ್ನ ಕಾಗದವೆಂದರೆ ಕ್ರಿಕೆಟಿಗಿಂತ, ಸಿನಿಮಾಗಿಂತ ಹೆಚ್ಚು. ಸೂಜಿ ಕೆಳಗಿಟ್ಟು ಕೇಳುತ್ತಾರೆ. ಈ ಸಲವೂ ನಕ್ಕರು. ಒಬ್ಬಳು ಮಾತ್ರ ನಗಲಿಲ್ಲ.

ನನಗೆ ಕಂಡದ್ದು ಹೇಳುತ್ತೇನೆ. ತೊಂಬತ್ತು ನಿಮಿಷದಲ್ಲಿ ಆ ಹುಡುಗನ ಕಾಲಿಗೆ ಒಳ್ಳೆ ಪಾಸು ಬಂದದ್ದು ಐದು ಸಲ. ನಾನು ಎಣಿಸಿದ್ದೇನೆ. ನಡುವಿನಲ್ಲಿ ಆಡುವವರು ಎತ್ತು ಏರಿಗೆ, ಕೋಣ ನೀರಿಗೆ ಅನ್ನುವ ಹಾಗೆ ಒಬ್ಬೊಬ್ಬರು ಒಂದೊಂದು ಕಡೆ ಎಳೆಯುತ್ತಿದ್ದರು. ಹಿಂದಿನವರು ಸಿಕ್ಕ ಸಿಕ್ಕ ಕಡೆ ಒದ್ದು ಕೈ ತೊಳೆದುಕೊಂಡರು. ಐದರಲ್ಲಿ ಮೂರು ಕಂಬಕ್ಕೆ ಬಿತ್ತೆಂದರೆ ಅವನು ಕೆಟ್ಟ ಸ್ಟ್ರೈಕರ್ ಅಲ್ಲ ಅಣ್ಣ. ಕೆಟ್ಟವನು ಕಂಬದ ಹತ್ತಿರವೂ ಸುಳಿಯುವುದಿಲ್ಲ, ಆಕಾಶಕ್ಕೆ ಹೊಡೆಯುತ್ತಾನೆ. ಮೂರು ಸಲವೂ ಒಂದೇ ಜಾಗಕ್ಕೆ ಹೊಡೆಯುವವನ ಕಾಲಿಗೆ ಅಳತೆ ಗೊತ್ತಿದೆ. ಗುಂಡಿಗೆ ಇಲ್ಲದವನ ಕಾಲು ಹಾಗೆ ಹೊಡೆಯುವುದಿಲ್ಲ.

ಬಲೆಯ ಆರ್ಡರ್ ಬಂದಿದೆ. ನಾನೂ ನನ್ನ ಪಕ್ಕದಲ್ಲಿ ಕೂರುವ ಗಂಟಕ್ಕನೂ ಸೇರಿ ಎರಡನ್ನೂ ಹೆಣೆಯುತ್ತೇವೆ ಅಂತ ಕೇಳಿ ತೆಗೆದುಕೊಂಡೆವು. ಅವಳು ಹಾಕಿದ ಗಂಟು ಜಾರಿದ್ದನ್ನು ಯಾರೂ ನೋಡಿಲ್ಲ, ಅದಕ್ಕೇ ಆ ಹೆಸರು.

ಒಂದು ಮಾತು. ಆ ಹುಡುಗನಿಗೆ ನೀನಿಟ್ಟ ಹೆಸರನ್ನು ಇನ್ನು ಮುಂದೆ ಕಾಗದದಲ್ಲಿ ಬರೆಯಬೇಡ. ಯಾಕೆ ಅಂತ ಕೇಳಬೇಡ. ಅತ್ತಿಗೆಯ ಮೊಣಕಾಲು ನೋವು ಹೇಗಿದೆ, ಬರಿ.

ಪುಟ್ಟಿ

*

ಮಾರ್ಚ್ 19, ಬೆಳಿಗ್ಗೆ

ಪುಟ್ಟಿ,

ನಿನ್ನೆ ಸೊನ್ನೆ ಸೊನ್ನೆ. ಅದೂ ಯಾರ ಜೊತೆ? ನಮ್ಮ ಬೀದಿಯ ಮಕ್ಕಳೂ ಎರಡು ಗೋಲು ಹಾಕುವಂಥ ತಂಡದ ಜೊತೆ. ನಿನ್ನ ‘ಅಳತೆ ಗೊತ್ತಿರುವ ಕಾಲು’ ಮತ್ತೆ ಎರಡು ಸಲ ಕಂಬಕ್ಕೆ. ಈಗ ಏನು ಹೇಳುತ್ತೀಯ?

ನೀನು ಯಾವತ್ತಿನಿಂದ ಇವನ ವಕೀಲಳಾದೆ? ಹತ್ತು ವರ್ಷದ ಹಿಂದೆ ಇದ್ದ ಸ್ಟ್ರೈಕರನ್ನು ನೀನು ಬೈದ ಬೈಗುಳ ನನ್ನ ಪೆಟ್ಟಿಗೆಯಲ್ಲಿ ಇನ್ನೂ ಭದ್ರವಾಗಿದೆ. ಬೇಕಾದರೆ ಕಳಿಸುತ್ತೇನೆ. ಅವನನ್ನು ಬೈಯಬಹುದು, ಇವನನ್ನು ಬೈಯಬಾರದಾ?

ಹೆಸರು ಬರೆಯಬೇಡ ಅಂದೆ. ನಾನು ಬರೆಯದಿದ್ದರೆ ಏನಾಯಿತು, ಈಗ ಪೇಪರಿನವರೇ ಬರೆಯುತ್ತಿದ್ದಾರೆ! ನಮ್ಮ ಅಂಗಡಿಗೆ ಗೇಟ್ ಮಾಡಿಸಲು ಬರುವ ವರದಿಗಾರನೊಬ್ಬ ಇದ್ದಾನೆ. ಹೋದ ವಾರದ ಪುಟದಲ್ಲಿ ದಪ್ಪಕ್ಷರದಲ್ಲಿ ‘ಕಂಬಶೂರನಿಗೆ ಇನ್ನೆಷ್ಟು ಅವಕಾಶ?’ ಅಂತ ಹಾಕಿದ್ದಾನೆ. ನಿನ್ನೆ ಸ್ಟೇಡಿಯಂನಲ್ಲಿ ಜನ ಅದನ್ನೇ ಕೂಗುತ್ತಿದ್ದರಂತೆ, ಬಟ್ಟೆಯ ಮೇಲೂ ಬರೆದು ಹಿಡಿದಿದ್ದರು, ಅದು ನನಗೂ ಕಾಣಿಸಿತು. ಒಬ್ಬ ಕಿವುಡ ವೆಲ್ಡರ್ ಆಡಿದ ಮಾತನ್ನು ಇಡೀ ದೇಶ ಕೂಗುವುದೆಂದರೆ ಸುಮ್ಮನೆ ಆಗುತ್ತದೇನೇ? ಆ ಪುಟ ಕತ್ತರಿಸಿ ಅಂಗಡಿಯ ಗೋಡೆಗೆ ಅಂಟಿಸಿದ್ದೇನೆ.

ಉಳಿದಿರುವುದು ಒಂದೇ ಮ್ಯಾಚ್, ಮೇ 21ಕ್ಕೆ. ಗೆದ್ದರೆ ಮುಂದಿನ ಸುತ್ತು, ಇಲ್ಲವಾದರೆ ಎರಡು ವರ್ಷ ಮನೆಯಲ್ಲಿ ಕೂರಬೇಕು. ಮೇ 8ಕ್ಕೆ ತಂಡ ಹೇಳುತ್ತಾರೆ. ಕೋಚ್ ಇವನನ್ನು ಕೈಬಿಡುತ್ತಾನೆ ಅಂತ ಎಲ್ಲರ ಮಾತು. ಕೈಬಿಡಲಿ. ಇವನು ಹೋದರೆ ತಂಡಕ್ಕೆ ಹಿಡಿದ ದರಿದ್ರ ಹೋದ ಹಾಗೆ.

ಅತ್ತಿಗೆಯ ಮೊಣಕಾಲು ಸ್ಟ್ರೈಕರನ ಕಾಲಿಗಿಂತ ವಾಸಿ.

ಅಣ್ಣ

*

ಮಾರ್ಚ್ 27

ಅಣ್ಣ,

ಬಲೆಗಳು ಇವತ್ತು ಲಾರಿಗೆ ಹೋದವು. ಎರಡರಲ್ಲೂ ಎಡಗಡೆಯ ಅರ್ಧ ನನ್ನದು, ಬಲಗಡೆಯ ಅರ್ಧ ಗಂಟಕ್ಕನದು. ಗಂಟುಗಳನ್ನು ಕನ್ನಡಕ ಹಾಕಿಕೊಂಡು ನೋಡು.

ಈ ಸಲ ನಿನ್ನ ಕಾಗದ ಶೆಡ್ಡಿನಲ್ಲಿ ಓದಲಿಲ್ಲ. ಬಂದಿಲ್ಲ ಅಂತ ಸುಳ್ಳು ಹೇಳಿದೆ. ಮೊದಲ ಸಲ.

ಪುಟ್ಟಿ

*

ಏಪ್ರಿಲ್ 3

ಪುಟ್ಟಿ,

ಕೋಪ ಬಂದರೆ ನೇರವಾಗಿ ಬೈದುಬಿಡು, ಕೆಲಸದಲ್ಲಿ ತೀರಿಸಿಕೊಳ್ಳಬೇಡ.

ದಕ್ಷಿಣದ ಗೋಲಿಗೆ ಬಲೆ ಹಾಕಿದೆ, ಸರಿಯಾಗಿ ಕೂತಿತು. ಒಪ್ಪುತ್ತೇನೆ, ಚೆಂದ ಇದೆ, ಗಂಟುಗಳು ಮುತ್ತು ಪೋಣಿಸಿದ ಹಾಗಿವೆ. ಉತ್ತರದ ಗೋಲಿಗೆ ಹಾಕಲು ಹೋದರೆ ಬಲೆ ಗಿಡ್ಡ! ಒಂದು ಕಂಬಕ್ಕೆ ಕೊಕ್ಕೆ ಹಾಕಿದರೆ ಇನ್ನೊಂದು ಕಂಬದ ಹತ್ತಿರ ಒಂದು ಗೇಣು ಕಡಿಮೆ. ನಾನೂ ಮೈದಾನದ ಮಾಲಿಯೂ ಸೇರಿ ಎಳೆದೆವು, ಮೂಲೆಯಲ್ಲಿ ನಾಲ್ಕು ಕಣ್ಣು ಹರಿದವು. ಎಲ್ಲರ ಮುಂದೆ ನಮ್ಮ ತಂಗಿ ಹೆಣೆದದ್ದು ಅಂತ ಜಂಬ ಕೊಚ್ಚಿಕೊಂಡಿದ್ದೆ. ಮಾಲಿ ನನ್ನ ಮುಖ ನೋಡಿ ನಕ್ಕ.

ಒಂದೇ ಅಳತೆಯ ಎರಡು ಬಲೆ ಹೆಣೆಯಲು ಆಗಲಿಲ್ಲವೇ ನಿಮಗೆ? ಸ್ಟ್ರೈಕರನನ್ನು ಬೈದೆನೆಂದು ಇಷ್ಟು ಸಿಟ್ಟೇ? ಅಥವಾ ನಿನ್ನ ಗಂಟಕ್ಕ ಅರ್ಧ ನಿದ್ದೆಯಲ್ಲಿ ಹೆಣೆದಳೋ? ಆ ಬಲೆ ವಾಪಸ್ ಕಳಿಸುತ್ತಿದ್ದೇನೆ. ಸರಿ ಮಾಡಿ ಕಳಿಸು.

ಅಣ್ಣ

*

ಏಪ್ರಿಲ್ 9

ಅಣ್ಣ,

ಇಪ್ಪತ್ತಾರು ವರ್ಷದಿಂದ ಬಲೆ ಹೆಣೆಯುತ್ತಿದ್ದೇನೆ. ನನ್ನ ಕೈ ನೋಡಿದರೆ ಗೊತ್ತಾಗುತ್ತದೆ, ತೋರುಬೆರಳಿನಲ್ಲಿ ನೂಲು ಕೊರೆದ ಗೆರೆ ಇದೆ, ಉಗುರು ಒಂದೂ ನೆಟ್ಟಗಿಲ್ಲ. ಯಾರ ಮೇಲಿನ ಸಿಟ್ಟನ್ನೂ ಇವತ್ತಿನವರೆಗೆ ಒಂದು ಗಂಟಿನಲ್ಲೂ ತೀರಿಸಿಕೊಂಡವಳಲ್ಲ. ಈ ಮಾತು ನೀನು ಆಡಬಾರದಿತ್ತು.

ನಮ್ಮ ಶೆಡ್ಡಿನ ನೆಲದಲ್ಲಿ ಹಿತ್ತಾಳೆ ಮೊಳೆ ಹೊಡೆದಿದ್ದಾರೆ. ಗೋಲಿನ ಒಳ ಅಗಲ ಎಷ್ಟಿರಬೇಕೋ ಅಷ್ಟಕ್ಕೆ, ಏಳು ಮೀಟರ್ ಮೂವತ್ತೆರಡು ಸೆಂಟಿಮೀಟರ್, ಒಂದು ಕೂದಲೆಳೆ ಆಚೀಚೆ ಇಲ್ಲ. ಪ್ರತಿ ಬಲೆಯನ್ನೂ ಆ ಮೊಳೆಗಳಿಗೆ ಹಾಸಿ ನೋಡಿಯೇ ಕಟ್ಟುವುದು. ನೀನು ವಾಪಸ್ ಕಳಿಸಿದ್ದನ್ನು ಹರಿದ ಮೂಲೆ ಸಮೇತ ಮತ್ತೆ ಹಾಸಿದೆವು. ಸರಿಯಾಗಿ ಕೂತಿತು.

ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ, ಹೇಳಿಬಿಡುತ್ತೇನೆ. ಗಂಟಕ್ಕ ಯಾರೆಂದು ನಿನಗೆ ಗೊತ್ತಿಲ್ಲ. ನೀನು ಹೆಸರಿಟ್ಟೆಯಲ್ಲ, ಆ ಹುಡುಗನ ತಾಯಿ ಅವಳು. ಹನ್ನೊಂದು ವರ್ಷದಿಂದ ನನ್ನ ಪಕ್ಕದ ಮಣೆಯ ಮೇಲೆ ಕೂರುತ್ತಿದ್ದಾಳೆ. ಮಗ ದೇಶಕ್ಕೆ ಆಡುತ್ತಾನೆ ಅಂತ ತಾನಾಗಿ ಯಾವತ್ತೂ ಹೇಳಿಕೊಂಡವಳಲ್ಲ, ಅವನು ಕೆಲಸ ಬಿಡು ಅಂದರೂ ಬಿಟ್ಟವಳಲ್ಲ. ಮಾರ್ಚ್ 4ರ ನಿನ್ನ ಕಾಗದವನ್ನು ನಾನು ಅವಳ ಮುಂದೆಯೇ ಓದಿದೆ. ಮುಂದೇನಿದೆ ಅಂತ ಗೊತ್ತಾಗುವಷ್ಟರಲ್ಲಿ ಆ ಹೆಸರು ಬಾಯಿಂದ ಹೊರಗೆ ಬಿದ್ದಿತ್ತು. ಉಳಿದವರೆಲ್ಲ ನಕ್ಕರು. ಅವಳು ತಲೆ ಬಗ್ಗಿಸಿ ಗಂಟು ಹಾಕುತ್ತಲೇ ಇದ್ದಳು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ನಿನ್ನೆ ನಿನ್ನ ಬಲೆ ಜಗಳದ ಕಾಗದವನ್ನು ಅವಳಿಗೆ ಮಾತ್ರ ಓದಿ ಹೇಳಿದೆ. ಅವಳದ್ದೂ ಅರ್ಧ ಕೆಲಸ ತಾನೆ. ನಿದ್ದೆಯ ಮಾತಿಗೆ ಅವಳು ಸಿಟ್ಟಾಗಲಿಲ್ಲ. “ಒಂದು ಗೇಣು ಕಮ್ಮಿ ಅಂತಾರಾ? ಯಾವ ಗೋಲಿಗೆ?” ಅಂದಳು. ಉತ್ತರದ್ದಕ್ಕೆ ಅಂದೆ. ಸೂಜಿ ಕೆಳಗಿಟ್ಟಳು. “ಮೊದಲನೇ ಕಾಗದದಲ್ಲಿ ನನ್ನ ಮಗ ಯಾವ ಗೋಲಿಗೆ ಹೊಡೀತಾನೆ ಅಂತ ಬರೆದಿದ್ರು, ಅದನ್ನ ಇನ್ನೊಂದ್ಸಲ ಓದು” ಅಂದಳು. ಓದಿದೆ. ಹತ್ತರಲ್ಲಿ ಒಂಬತ್ತು ಮೂಲೆಗೆ, ಕಂಬಕ್ಕೆ ಬೆರಳು ತೂರಿಸುವಷ್ಟು ಜಾಗ ಬಿಟ್ಟು.

ಆಮೇಲೆ ಅವಳು ಅಂದದ್ದು ಇಷ್ಟೇ: “ಬಲೆ ಸರಿಯಾಗಿದೆ. ನಿಮ್ಮಣ್ಣನಿಗೆ ಕಂಬ ಅಳೆಯೋಕೆ ಹೇಳು.”

ಹೇಳಿದ್ದೇನೆ. ಟೇಪ್ ಹಿಡಿ ಅಣ್ಣ.

ಪುಟ್ಟಿ

*

ಏಪ್ರಿಲ್ 24

ಅಣ್ಣ,

ಹದಿನೈದು ದಿನವಾಯಿತು, ನಿನ್ನಿಂದ ಒಂದು ಸಾಲೂ ಇಲ್ಲ. ಅತ್ತಿಗೆಗೆ ಫೋನ್ ಮಾಡಿದೆ. ಊಟ ಸರಿಯಾಗಿ ಮಾಡುತ್ತಿಲ್ಲ, ಅಂಗಡಿಯಲ್ಲೂ ಯಾರ ಮುಖ ನೋಡಿಯೂ ಮಾತಾಡುತ್ತಿಲ್ಲ ಅಂದರು. ನನ್ನ ಮೇಲೆ ಅಷ್ಟು ಕೋಪವೇ? ಜೋರಾಗಿ ಬರೆದೆ, ನಿಜ. ನಿನ್ನ ಕೆಲಸದ ಮೇಲೆ ಸಂಶಯ ಪಟ್ಟರೆ ನಿನಗೆಷ್ಟು ಉರಿಯುತ್ತದೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಳೆದು ನೋಡಿ, ಸರಿ ಇದೆ ಅಂತ ಬರೆದುಬಿಡು. ಕಾಲು ಹಿಡಿದು ಕ್ಷಮೆ ಕೇಳುತ್ತೇನೆ, ಬಲೆಯನ್ನು ನಿನಗೆ ಬೇಕಾದ ಅಳತೆಗೆ ಹೆಣೆದು ಕೊಡುತ್ತೇನೆ.

ಗಂಟಕ್ಕನ ಮಗ ಮೊನ್ನೆ ಫೋನ್ ಮಾಡಿದ್ದ. ಅವಳು ಮಾತಾಡಿ ಬಂದು ಕೂತಾಗ, ಮೊದಲ ಸಲ ಅವಳ ಗಂಟು ಜಾರಿದ್ದನ್ನು ನೋಡಿದೆ. ಅವನು ಅಂದನಂತೆ, “ಅಮ್ಮಾ, ಕಾಲು ನನ್ನ ಮಾತು ಕೇಳ್ತಿಲ್ಲ. ಸರಿಯಾಗಿ ಹೊಡೆದೆ ಅಂದ್ಕೊಂಡಾಗಲೇ ತಪ್ಪಿರುತ್ತೆ. ತಂಡದಿಂದ ಅವರು ತೆಗೆಯೋಕೆ ಮೊದಲು ನಾನೇ ಬಿಟ್ಬಿಡ್ತೀನಿ. ಆಟಾನೇ ಬಿಟ್ಬಿಡ್ತೀನಿ.” ಮೇ 8ಕ್ಕೆ ಮೊದಲೇ ಕೋಚ್‌ಗೆ ಹೇಳುತ್ತಾನಂತೆ. ಇಪ್ಪತ್ನಾಲ್ಕು ವರ್ಷ ಅವನಿಗೆ.

ಅವಳು ಅಳಲಿಲ್ಲ. ನಿಮ್ಮಣ್ಣನ ಉತ್ತರ ಬಂತಾ ಅಂತ ಮಾತ್ರ ಕೇಳಿದಳು.

ಪುಟ್ಟಿ

*

ಏಪ್ರಿಲ್ 30

ಪುಟ್ಟಿ,

ನಿನ್ನ ಮೇಲೆ ಕೋಪ ಇರಲಿಲ್ಲ. ನಾಚಿಕೆ ಇತ್ತು. ಇದು ನಾಲ್ಕನೇ ಸಲ ಬರೆಯುತ್ತಿರುವುದು, ಮೂರು ಹರಿದು ಹಾಕಿದ್ದೇನೆ.

ಏಪ್ರಿಲ್ 12ರ ಮಧ್ಯಾಹ್ನ, ಮೈದಾನದಲ್ಲಿ ನರಪಿಳ್ಳೆಯೂ ಇಲ್ಲದಾಗ ಹೋಗಿ ಟೇಪ್ ಹಿಡಿದೆ. ಅಲ್ಲಿಗೆ ಹೋಗುವ ಮೊದಲೇ, ನಿನ್ನ ಕಾಗದ ಓದಿದ ಕ್ಷಣವೇ, ತಪ್ಪು ನನ್ನದೇ ಇರಬೇಕು ಅನ್ನುವ ಅಳುಕು ಹುಟ್ಟಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗಾಯಿತು. ದಕ್ಷಿಣದ ಗೋಲು ಏಳು ಮೂವತ್ತೆರಡು. ಉತ್ತರದ್ದು ಏಳು ಐವತ್ತಾರು. ಮೂರು ಸಲ ಅಳೆದೆ. ಇಪ್ಪತ್ನಾಲ್ಕು ಸೆಂಟಿಮೀಟರ್ ಹೆಚ್ಚು. ಒಂದು ಗೇಣು.

ಹೇಗಾಯಿತು ಅಂತ ಅಲ್ಲಿಯೇ ಗೊತ್ತಾಯಿತು. ದಕ್ಷಿಣದ ಗೋಲಿನಲ್ಲಿ ಅಡ್ಡಪೈಪನ್ನು ಎರಡೂ ಕಂಬದ ತಲೆಯ ಮೇಲೆ ಕೂರಿಸಿ ಬೆಸೆದಿದ್ದೆ. ಹಾಗೆ ಕೂರಿಸಬೇಕಾದರೆ ಪೈಪಿನ ಉದ್ದ, ಒಳ ಅಗಲ ಮತ್ತು ಎರಡು ಕಂಬದ ದಪ್ಪ ಸೇರಿಸಿ ಕತ್ತರಿಸಬೇಕು. ಒಂದೊಂದು ಕಂಬ ಹನ್ನೆರಡು ಸೆಂಟಿಮೀಟರ್ ದಪ್ಪ. ಉತ್ತರದ ಗೋಲಿಗೂ ಹಾಗೇ ಕತ್ತರಿಸಿದೆ. ಕತ್ತರಿಸಿ ಆದಮೇಲೆ ಮನಸ್ಸು ಬದಲಾಯಿತು. ತಲೆಯ ಮೇಲೆ ಬೇಡ, ಕಂಬಗಳ ನಡುವೆ ಕೂರಿಸಿದರೆ ಬೆಸುಗೆ ಕಾಣುವುದಿಲ್ಲ, ನೋಡಿದವರು ಬೆರಗಾಗಬೇಕು ಅನ್ನಿಸಿತು. ಕೂರಿಸಿದೆ. ಉದ್ದ ಕಡಿಮೆ ಮಾಡುವುದನ್ನು ಮರೆತೆ. ಎರಡೂ ಕಂಬಗಳು ಒಂದೊಂದು ದಪ್ಪದಷ್ಟು ಆಚೆ ಹೋದವು. ನಾನು ನಿನಗೆ ಹಾಡಿ ಹೊಗಳಿದೆನಲ್ಲ, ಕೈ ಆಡಿಸಿದರೂ ಗೊತ್ತಾಗದ ಬೆಸುಗೆ, ಅದೇ. ಅಂದಕ್ಕೆ ಹೋಗಿ ಅಳತೆ ಕೆಡಿಸಿದೆ. ಹಳೆಯ ಬಲೆ ದೊಗಲೆಯಾಗಿತ್ತು, ಯಾರಿಗೂ ತಿಳಿಯಲಿಲ್ಲ.

ಒಂದೊಂದು ಕಡೆ ಹನ್ನೆರಡು ಸೆಂಟಿಮೀಟರ್. ಹೆಚ್ಚುಕಡಿಮೆ ಅರ್ಧ ಚೆಂಡು. ಇಲ್ಲಿ ಕಂಬಕ್ಕೆ ಬೆರಳು ಬಿಟ್ಟು ಒಳಗೆ ಹೋಗುವ ಚೆಂಡು, ಮ್ಯಾಚಿನ ಸರಿಯಾದ ಅಳತೆಯ ಗೋಲಿನಲ್ಲಿ ನೇರ ಕಂಬಕ್ಕೆ. ಮೂರು ವರ್ಷ ಆ ಹುಡುಗ ದಿನಾ ನೂರು ಚೆಂಡು ಹೊಡೆದು ನನ್ನ ತಪ್ಪನ್ನು ಕಾಲಿಗೆ ಕಲಿಸಿಕೊಂಡ. ಏನೋ ಸರಿ ಇಲ್ಲ ಅಂತ ಬಾಯಿಬಿಟ್ಟು ಹೇಳಿದ. ನಾನು ಗಾದೆ ಹೇಳಿ ನಕ್ಕೆ. ನೆಲ ನಿಜವಾಗಿಯೂ ಡೊಂಕಿತ್ತು ಪುಟ್ಟಿ, ಡೊಂಕು ಮಾಡಿದವನು ನಾನು.

ಹದಿನಾರು ದಿನ ಏನು ಮಾಡಿದೆ ಅಂತ ಕೇಳು, ಮುಚ್ಚಿಡುವುದಿಲ್ಲ. ಮೊದಲು ನಿನಗೆ ಒಂದು ಗೇಣು ದೊಡ್ಡ ಬಲೆ ಹೆಣೆಯಲು ಹೇಳಿ ಬಾಯಿ ಮುಚ್ಚಿಕೊಳ್ಳೋಣ ಅಂದುಕೊಂಡೆ. ಆಮೇಲೆ ಯಾವುದಾದರೂ ರಜೆಯ ದಿನ ಸದ್ದಿಲ್ಲದೆ ಕತ್ತರಿಸಿ ಸರಿ ಮಾಡಿಬಿಡೋಣ ಅಂದುಕೊಂಡೆ. ನನ್ನ ಮರ್ಯಾದೆ ಉಳಿಯುತ್ತಿತ್ತು. ಆಗ ನಿನ್ನ ಕಾಗದ ಬಂತು. ಕಾಲು ನನ್ನ ಮಾತು ಕೇಳ್ತಿಲ್ಲ ಅನ್ನುವ ಆ ಮಾತು. ಸದ್ದಿಲ್ಲದೆ ಸರಿ ಮಾಡಿದರೆ ಇಲ್ಲಿಯೂ ಅವನ ಚೆಂಡು ಕಂಬಕ್ಕೆ ಬಡಿಯುತ್ತದೆ, ಅವನಿಗೆ ಉಳಿದಿರುವ ಒಂದೇ ಧೈರ್ಯವೂ ಹೋಗುತ್ತದೆ. ಅವನಿಗೆ ಹೇಳಲೇಬೇಕು, ಎಲ್ಲರ ಮುಂದೆ ಹೇಳಬೇಕು. ಹೆಸರಿಟ್ಟದ್ದು ಎಲ್ಲರ ಮುಂದೆ ತಾನೆ.

ನಿನ್ನೆ ಹೋದೆ. ತಂಡ ಪೂರ್ತಿ ಮೈದಾನದಲ್ಲಿತ್ತು. ಕೋಚ್ ಕೈಗೆ ಟೇಪ್ ಕೊಟ್ಟು, ಅಳೆಯಿರಿ ಅಂದೆ. ಆತ ಅಳೆದು, ಮತ್ತೆ ಅಳೆದು, ಸುಮ್ಮನೆ ಅಲ್ಲಿಯೇ ಹುಲ್ಲಿನ ಮೇಲೆ ಕೂತುಬಿಟ್ಟ. ನಾನು ಹುಡುಗನ ಮುಂದೆ ನಿಂತು ಎಲ್ಲ ಹೇಳಿದೆ. ಕಂಬ ನಾನು ಮಾಡಿದ್ದು, ತಪ್ಪು ನನ್ನದು, ದೇಶವೆಲ್ಲ ಕೂಗುವ ಆ ಹೆಸರೂ ನನ್ನ ಬಾಯಿಂದಲೇ ಬಂದದ್ದು ಅಂತ. ಮಾತು ಆಡಿದರೆ ಹೋಯಿತು ಅನ್ನುತ್ತಾರೆ, ಅದನ್ನು ವಾಪಸ್ ಕರೆಯುವ ಶಕ್ತಿ ನನಗಿಲ್ಲ, ಕಂಬವನ್ನು ಮಾತ್ರ ವಾಪಸ್ ಎಳೆಯಬಲ್ಲೆ ಅಂದೆ. ನನ್ನ ದನಿ ಎಷ್ಟು ಜೋರಿತ್ತೋ ನನಗೆ ಗೊತ್ತಿಲ್ಲ, ಆಚೆ ರಸ್ತೆಯಲ್ಲಿ ಹೋಗುವವರೂ ನಿಂತು ನೋಡುತ್ತಿದ್ದರು.

ಅವನು ಏನೋ ಹೇಳಿದ, ನನಗೆ ಕೇಳಿಸಲಿಲ್ಲ. ಕಿವಿ ತೋರಿಸಿ, ಜೇಬಿನಲ್ಲಿದ್ದ ಸೀಮೆಸುಣ್ಣ ಕೊಟ್ಟೆ. ಕಂಬದ ಮೇಲೆ ಬರೆದ: ‘ಕಂಬಕ್ಕೆ ಬಿದ್ದವು ನಿಮ್ಮವು. ಆಕಾಶಕ್ಕೆ ಹೋದವು ನನ್ನವು.’ ಮುಖ ನೋಡಿದೆ, ನಗುತ್ತಿದ್ದ. ಕಣ್ಣು ಒದ್ದೆಯಾಗಿತ್ತು. ಅದರ ಕೆಳಗೆ ಬರೆದ: ‘ಹಾಗಾದ್ರೆ ನನ್ನ ಕಾಲು ಸರಿ ಇದೆ.’

ಮೂವತ್ತು ವರ್ಷ ವೆಲ್ಡಿಂಗ್ ಮಾಡಿದ್ದೇನೆ, ಕಣ್ಣಲ್ಲಿ ನೀರು ಬಂದರೆ ಬೆಂಕಿಯ ಬೆಳಕಿಗೆ ಅಂತ ಹೇಳುತ್ತಿದ್ದೆ. ನಿನ್ನೆ ಬೆಂಕಿ ಹಚ್ಚಿಯೇ ಇರಲಿಲ್ಲ.

ಆಮೇಲೆ ಗ್ರೈಂಡರ್ ತರಿಸಿ, ಎಲ್ಲರೂ ನೋಡುತ್ತಿರುವಾಗಲೇ ಅಡ್ಡಪೈಪಿನ ಎರಡೂ ತುದಿಯಲ್ಲಿ ಹನ್ನೆರಡು ಹನ್ನೆರಡು ಸೆಂಟಿಮೀಟರ್ ಕತ್ತರಿಸಿದೆ. ಅರ್ಧ ತಂಡ ಕಂಬ ಹಿಡಿದುಕೊಂಡು ನಿಂತಿತ್ತು, ಗುಂಡಿ ಅಗೆದವನು ಗೋಲ್‌ಕೀಪರ್. ಈ ಸಲ ಬೆಸುಗೆ ದಪ್ಪವಾಗಿ ಕಾಣುತ್ತದೆ, ಉಜ್ಜಿ ಮುಚ್ಚಲಿಲ್ಲ. ಕಾಣಲಿ. ಗೋಡೆಯ ಮೇಲಿನ ಪೇಪರ್ ಚೂರನ್ನು ಕಿತ್ತು ಒಲೆಗೆ ಹಾಕಿದೆ. ಆ ವರದಿಗಾರನನ್ನು ಕರೆಸಿ, ಇದನ್ನೂ ದಪ್ಪಕ್ಷರದಲ್ಲಿ ಹಾಕು ಅಂದಿದ್ದೇನೆ.

ಈ ಕಾಗದವನ್ನು ಶೆಡ್ಡಿನಲ್ಲಿ ಓದು. ಜೋರಾಗಿ ಓದು.

ನಿನ್ನ ಬಲೆಯನ್ನು ಗಿಡ್ಡ ಅಂದ ಅಣ್ಣ

*

ಮೇ 10

ಅಣ್ಣ,

ಓದಿದೆ. ನಿಂತುಕೊಂಡು ಓದಿದೆ. ಸೀಮೆಸುಣ್ಣದ ಸಾಲನ್ನು ಎರಡೆರಡು ಸಲ ಓದಿದೆ, ಮುಂದಿನದನ್ನು ಆಚೆ ಮಣೆಯವಳು ತಡೆಯಲಾರದೆ ಕಸಿದುಕೊಂಡು ಓದಿದಳು. ಮುಗಿದ ಮೇಲೆ ಎಲ್ಲರೂ ಗಂಟಕ್ಕನ ಕಡೆ ನೋಡಿದರು. ಅವಳು ನನ್ನ ಕಡೆ ನೋಡಿ, “ತಪ್ಪು ಮಾಡೋರು ಊರು ತುಂಬಾ ಇದ್ದಾರೆ. ಟೇಪ್ ಹಿಡ್ಕೊಂಡು ನಡುಮೈದಾನದಲ್ಲಿ ನಿಲ್ಲೋರು ಎಷ್ಟು ಜನ?” ಅಂದಳು. ಆಮೇಲೆ ಎದ್ದು ಹೋಗಿ ನೀನು ವಾಪಸ್ ಕಳಿಸಿದ ಬಲೆ ತಂದು, ಹರಿದ ನಾಲ್ಕು ಕಣ್ಣುಗಳನ್ನು ತಾನೇ ಹೆಣೆದಳು. ನನಗೆ ಮುಟ್ಟಲು ಬಿಡಲಿಲ್ಲ.

ಅವಳ ಮಗನ ಹೆಸರು ತಂಡದಲ್ಲಿ ಬಂದದ್ದು ನಿನಗೂ ಗೊತ್ತಿರುತ್ತದೆ. ಪೇಪರ್ ಇಲ್ಲಿಗೂ ಬಂತು. ‘ವೆಲ್ಡರನ ತಪ್ಪೊಪ್ಪಿಗೆ’ ಅಂತ ಹಾಕಿದ್ದಾರೆ. ಬಸ್ಸಿನಲ್ಲಿ ಪಕ್ಕದವರು ಓದಿ ನಗುತ್ತಿದ್ದರು. ನಾನು ಸುಮ್ಮನಿರಲಿಲ್ಲ. ಅವರು ನಮ್ಮಣ್ಣ ಅಂದೆ. ಇಡೀ ಬಸ್ಸಿಗೆ ಕೇಳುವ ಹಾಗೆ ಅಂದೆ. ನೀನು ಉತ್ತರದ ಗೋಲು ಮಾಡಿದಾಗ ನನಗೆ ಹೆಮ್ಮೆಯಾಗಿತ್ತು, ಸುಳ್ಳಲ್ಲ. ನೀನು ಅದನ್ನು ಕತ್ತರಿಸಿದಾಗ ಆದ ಹೆಮ್ಮೆಯ ಮುಂದೆ ಅದು ಏನೂ ಅಲ್ಲ.

ಬಲೆ ನಾಳೆ ಲಾರಿಗೆ ಹೋಗುತ್ತದೆ. ಈ ಸಲ ಕೂರುತ್ತದೆ.

ಪುಟ್ಟಿ

*

ಮೇ 22, ಬೆಳಿಗ್ಗೆ

ಪುಟ್ಟಿ,

ಪೇಪರ್ ಬಾಗಿಲಲ್ಲಿದೆ. ಮುಟ್ಟಿಲ್ಲ.

ಎರಡು ಒಂದು! ಗೆದ್ದೆವು! ನಿನ್ನ ಅತ್ತಿಗೆ ಮೊಣಕಾಲು ಮರೆತು ಎದ್ದು ನಿಂತಳು.

ಕಳೆದ ಮೂರು ವಾರ ದಿನಾ ಸಂಜೆ ಹೋಗಿ ಅವನನ್ನು ನೋಡುತ್ತಿದ್ದೆ. ಮೊದಲ ದಿನ ಹತ್ತರಲ್ಲಿ ಆರು ಕಂಬಕ್ಕೆ. ಅವನು ಪ್ರತಿ ಸಲ ನನ್ನ ಕಡೆ ತಿರುಗಿ ಕೈ ಮುಗಿಯುತ್ತಿದ್ದ, ಪೋಕರಿ. ಎರಡನೇ ವಾರ ಮೂರು. ಕೊನೆಯ ದಿನ ಒಂದು. ಕಾಲು ಕಲಿತದ್ದನ್ನು ಮರೆಯುವುದು, ಕಲಿಯುವುದಕ್ಕಿಂತ ಕಷ್ಟ. ಅವನು ನೂರರ ಬದಲು ಮುನ್ನೂರು ಹೊಡೆಯುತ್ತಿದ್ದ.

ನಿನ್ನೆಯ ಮೊದಲ ಗೋಲು ನಡುವಿನವರದ್ದು. ನೀನು ಬೈದದ್ದು ಅವರಿಗೆ ಕೇಳಿಸಿತೇನೋ, ಕೊನೆಗೂ ಒಂದೇ ಕಡೆ ಎಳೆದರು. ಆಮೇಲೆ ಒಂದು ಒಂದಾಯಿತು. ಎಪ್ಪತ್ತನೇ ನಿಮಿಷ ನಮ್ಮವನಿಗೆ ಚೆಂಡು ಸಿಕ್ಕಿತು. ನಾನು ಕಣ್ಣು ಮುಚ್ಚಿಕೊಂಡೆ, ಕೇಳಿಸದವನು ಕಣ್ಣನ್ನೂ ಮುಚ್ಚಿಕೊಂಡರೆ ಉಳಿಯುವುದೇನು ಹೇಳು. ಅತ್ತಿಗೆ ಬೆನ್ನಿಗೆ ಗುದ್ದಿದಾಗ ಕಣ್ಣು ಬಿಟ್ಟೆ. ಬಲೆ ಇನ್ನೂ ಅಲ್ಲಾಡುತ್ತಿತ್ತು. ಎಡ ಮೂಲೆ, ಕಂಬದ ಒಳಗೆ ಒಂದು ಬೆರಳು. ಹತ್ತು ಸಲ ಮತ್ತೆ ತೋರಿಸಿದರು, ಹತ್ತು ಸಲವೂ ನೋಡಿದೆ.

ಎಂಬತ್ತೈದನೇ ನಿಮಿಷ ಇನ್ನೊಂದು ಹೊಡೆದ. ಕಂಬಕ್ಕೆ! ನಾನು ಕುರ್ಚಿಯಿಂದ ಎದ್ದು, ಇದು ನಿಂದು ಕಣೋ, ಇದು ನನ್ನದಲ್ಲ ಅಂತ ಕೂಗಿದೆನಂತೆ. ಬೀದಿಯವರೆಲ್ಲ ಬಂದು ನೋಡಿದರು.

ಇದರ ಜೊತೆ ಒಂದು ಪೊಟ್ಟಣ ಇದೆ. ಕತ್ತರಿಸಿದ ಎರಡು ಪೈಪ್ ತುಂಡುಗಳಲ್ಲಿ ಒಂದನ್ನು ಅಂಗಡಿಯ ಬಾಗಿಲಿಗೆ ನೇತುಹಾಕಿದ್ದೇನೆ. ಇದೇನು ಅಂತ ಕೇಳಿದವರಿಗೆಲ್ಲ ಮೊದಲಿಂದ ಕೊನೆಯವರೆಗೆ ಹೇಳುತ್ತೇನೆ, ಹೇಳುವಾಗ ಈಗ ನಾಚಿಕೆಯಾಗುವುದಿಲ್ಲ. ಇನ್ನೊಂದನ್ನು ಸೀಳಿ, ಬಡಿದು, ಉಜ್ಜಿ, ಹೆಣೆಯುವಾಗ ಬಲೆಯ ಕಣ್ಣಿಗೆ ಅಳತೆ ಹಿಡಿಯುವ ಪಟ್ಟಿ ಮಾಡಿದ್ದೇನೆ. ಬಲೆಯ ಕಣ್ಣು ಹನ್ನೆರಡು ಸೆಂಟಿಮೀಟರ್ ಇರಬೇಕು ಅಂತ ನೀನು ಯಾವಾಗಲೋ ಬರೆದಿದ್ದೆ. ಈ ಪಟ್ಟಿಯ ಅಗಲ ಸರಿಯಾಗಿ ಹನ್ನೆರಡು. ಐದು ಸಲ ಅಳೆದಿದ್ದೇನೆ. ಆ ತಾಯಿಗೆ ಕೊಡು. ಅವರಿಗೆ ಬೇಡವೆಂದರೆ ಒತ್ತಾಯ ಮಾಡಬೇಡ.

ಅಣ್ಣ

*

ಮೇ 30

ಅಣ್ಣ,

ಗಂಟಕ್ಕ ಪೊಟ್ಟಣ ಬಿಚ್ಚಿ, ಪಟ್ಟಿಯನ್ನು ಮೊದಲು ನೆಲದ ಮೊಳೆಯ ಪಕ್ಕದಲ್ಲಿ ಗೀಚಿರುವ ಹನ್ನೆರಡರ ಅಳತೆಗೆ ಹಿಡಿದು ನೋಡಿದಳು. ಯಾರನ್ನೂ ನಂಬುವವಳಲ್ಲ. ಸರಿ ಇದೆ ಅಂತ ತಲೆ ಆಡಿಸಿ, ತನ್ನ ಹಳೆಯ ಮರದ ಪಟ್ಟಿಯನ್ನು ಹೊಸದಾಗಿ ಸೇರಿದ ಹುಡುಗಿಗೆ ಕೊಟ್ಟುಬಿಟ್ಟಳು. ಅವತ್ತಿನಿಂದ ಅವಳು ಹೆಣೆಯುವ ಪ್ರತಿ ಕಣ್ಣೂ ನಿನ್ನ ತುಂಡಿನ ಮೇಲೆಯೇ ಹುಟ್ಟುತ್ತಿದೆ. ಈಗ ಹೆಣೆಯುತ್ತಿರುವುದು ಮುಂದಿನ ಸುತ್ತಿನ ಸ್ಟೇಡಿಯಂಗೆ ಹೋಗುವ ಬಲೆ. ಅವಳ ಮಗ ಆಡುವುದು ಅಲ್ಲಿಯೇ.

ನಿನ್ನ ಕಾಗದವನ್ನು ಟೀ ಹೊತ್ತಿಗೆ ಓದಿದೆ. ಎಂಬತ್ತೈದನೇ ನಿಮಿಷದ ಜಾಗಕ್ಕೆ ಬಂದಾಗ ನಾನು ತಡೆದೆ, ಆ ಸಾಲನ್ನು ನುಂಗಿಬಿಡೋಣ ಅಂದುಕೊಂಡೆ. ಅವಳಿಗೆ ಗೊತ್ತಾಯಿತು. “ನುಂಗಬೇಡ, ಓದು” ಅಂದಳು. ಓದಿದೆ. ಇದು ನಿಂದು ಕಣೋ ಅನ್ನುವಲ್ಲಿ ಶೆಡ್ಡೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ಅವಳೇ.

ನಿನಗೆ ಒಂದು ಮಾತು ಬರೆಯಲು ಹೇಳಿದ್ದಾಳೆ, ಅವಳು ಹೇಳಿದ ಹಾಗೇ ಬರೆಯುತ್ತೇನೆ: “ನಿಮ್ಮಣ್ಣನಿಗೆ ಹೇಳು, ನನ್ನ ಮಗನನ್ನ ಇನ್ಮೇಲೆ ಧಾರಾಳವಾಗಿ ಬೈಯಲಿ. ಅಳೆದು ನೋಡಿ ಬೈಯೋರು ಅವರೊಬ್ಬರೇ.”

ಪುಟ್ಟಿ